ಎರಡು ಡಬ್ಬಿ ಹಾಲು

ಪುಟ್ಟಾ, ಆಶೀರ್ವಾದ.

ನಿನ್ನ ಪತ್ರ ಬಂದು ಹತ್ತು ದಿನವಾಯಿತು. ಮನೆ, ಆಫೀಸು, ಅಕ್ರಾದ ಸೆಕೆ, ಎಲ್ಲ ಓದಿ ಖುಷಿಪಟ್ಟೆ. ಆದರೆ ಕೊನೆಗೆ ಒಂದು ಸಾಲು ಬರೆದಿದ್ದೀಯಲ್ಲ, "ದೊಡ್ಡಪ್ಪ, ಒಂದು ದಿನ ಬೆಳಿಗ್ಗೆ ಏಳೋ ಹೊತ್ತಿಗೆ ಇಲ್ಲೂ ಮಿಲಿಟರಿಯವರು ಬಂದು ಕೂತಿದ್ದರೆ? ಇವಳನ್ನೂ ಮಗುವನ್ನೂ ಕರೆಸಿಕೊಳ್ಳಲೋ ಬೇಡವೋ?" ಅಂತ. ಆ ಸಾಲು ನನ್ನನ್ನು ಬಿಡುತ್ತಿಲ್ಲ. ನಿನ್ನೆ ರಾತ್ರಿ ಎರಡು ಗಂಟೆಗೆ ಎದ್ದು ಕೂತಿದ್ದೆ.

ನಿನ್ನ ಹೆದರಿಕೆ ಸುಮ್ನೆ ಹುಟ್ಟಿದ್ದಲ್ಲ, ಗೊತ್ತು. ಮಾಲಿ, ಗಿನಿ, ಬುರ್ಕಿನಾ ಫಾಸೊ, ನೈಜರ್, 2020ರಿಂದ 2023ರೊಳಗೆ ನಾಲ್ಕೂ ಕಡೆ ಸೈನ್ಯ ಬಂತು. ಬುರ್ಕಿನಾ ಅಂತೂ ಘಾನಾದ ಬೇಲಿಯಾಚೆಯೇ ಇದೆ.

ನಾವು ಘಾನಾದಲ್ಲಿದ್ದ ಕಾಲದಲ್ಲಿ "ಬಂದರೆ?" ಅಂತ ಯಾರೂ ಕೇಳುತ್ತಿರಲಿಲ್ಲ. "ಈ ಸಲ ಯಾರು?" ಅಂತಿದ್ದರು. 1957ರಲ್ಲಿ ಸ್ವಾತಂತ್ರ್ಯ ತಂದುಕೊಟ್ಟ ಎನ್‌ಕ್ರೂಮಾ ಅವರೇ 1966ರಲ್ಲಿ ಚೀನಾದಲ್ಲಿದ್ದಾಗ ಕುರ್ಚಿ ಕಳೆದುಕೊಂಡರು. ಪ್ರಧಾನಿ ಬುಸಿಯಾ 1972ರಲ್ಲಿ ಲಂಡನ್‌ಗೆ ಚಿಕಿತ್ಸೆಗೆ ಹೋಗಿದ್ದರು, ಇತ್ತ ಘಾನಾದಲ್ಲಿ ಕರ್ನಲ್ ಅಚೆಂಪಾಂಗ್ ಬಂದು ಕೂತರು. ಆಳುವವರು ಊರು ಬಿಟ್ಟರೆ ಕುರ್ಚಿಯೂ ಹೋಯಿತು ಅಂತ ಲೆಕ್ಕ. ನಾನು ಮೊದಲ ಸಲ ಇಳಿದ ವಿಮಾನ ನಿಲ್ದಾಣಕ್ಕೆ ಆಗ ಇದ್ದ ಹೆಸರೇ ಕೊಟೋಕಾ. ಎನ್‌ಕ್ರೂಮಾರನ್ನು ಇಳಿಸಿದ ಅಧಿಕಾರಿಗಳಲ್ಲಿ ಒಬ್ಬರು ಅವರು. ಮರುವರ್ಷ ಇನ್ನೊಂದು ದಂಗೆ ನಡೆದು, ಅದು ಕೈಗೂಡಲಿಲ್ಲ, ಆದರೆ ಅವರು ಅದರಲ್ಲೇ ಸತ್ತರು. ಇದೆಲ್ಲ ತಿಳಿದೂ ನಿನ್ನ ದೊಡ್ಡಮ್ಮನನ್ನು ಕರೆಸಿಕೊಂಡೆ ನೋಡು. ಮೂವತ್ತರ ವಯಸ್ಸಿನ ಧೈರ್ಯ ಅದು.

1979ರ ಜೂನ್ 4. ನಾವಿದ್ದ ಊರು ಕುಮಾಸಿ. ಬೆಳಿಗ್ಗೆ ರೇಡಿಯೋ ಹಾಕಿದರೆ ಏದುಸಿರಿನ ಒಂದು ಗಂಡು ದನಿ. ಫ್ಲೈಟ್ ಲೆಫ್ಟಿನೆಂಟ್ ರಾಲಿಂಗ್ಸ್. ಹಿಂದಿನ ತಿಂಗಳು ದಂಗೆಯೆದ್ದು ಸಿಕ್ಕಿಬಿದ್ದವನನ್ನು ಸಿಪಾಯಿಗಳೇ ಜೈಲಿಂದ ಬಿಡಿಸಿ ತಂದಿದ್ದರು. ಸ್ವಲ್ಪ ಹೊತ್ತಿಗೆ ಸರ್ಕಾರದ ಕಡೆಯವರ ಮಾತು ಬಂತು. ಯಾರು ಗೆದ್ದರು ಅಂತ ರೇಡಿಯೋಗೇ ಗೊತ್ತಿರಲಿಲ್ಲ. ನಿನ್ನ ಅಕ್ಕನಿಗೆ, ಅಂದರೆ ನಮ್ಮ ಮಗಳಿಗೆ, ಆಗ ಹನ್ನೊಂದು ತಿಂಗಳು.

ಕೊನೆಗೆ ರಾಲಿಂಗ್ಸ್ ಕಡೆಯವರೇ ಗೆದ್ದರು. ಆ ತಿಂಗಳಲ್ಲೇ ಅಚೆಂಪಾಂಗ್, ಅಕುಫೊ, ಅಫ್ರಿಫಾ, ದೇಶ ಆಳಿದ ಮೂವರನ್ನು ಅಕ್ರಾದ ಟೆಶಿಯಲ್ಲಿ ಗುಂಡಿಟ್ಟು ಕೊಂದರು. ವಿಚಿತ್ರ ಏನು ಗೊತ್ತಾ, ಅದರ ನಡುವೆಯೇ, ಜೂನ್ 18ಕ್ಕೆ, ಮೊದಲೇ ನಿಗದಿಯಾಗಿದ್ದ ಚುನಾವಣೆಯೂ ನಡೆಯಿತು! ಸೆಪ್ಟೆಂಬರಿನಲ್ಲಿ ಲಿಮನ್ ಅಂತ ಸಾಧು ಮನುಷ್ಯ ಅಧ್ಯಕ್ಷರಾದರು. ಎರಡು ವರ್ಷ ಮೂರು ತಿಂಗಳು, ಅಷ್ಟೇ. 1981ರ ಡಿಸೆಂಬರ್ 31ಕ್ಕೆ ಮತ್ತೆ ಅದೇ ರಾಲಿಂಗ್ಸ್.

ಆದರೆ ನಿನ್ನ ಸಾಲು ಓದಿದಾಗ ನನಗೆ ನೆನಪಾಗಿದ್ದು ಇವರ್ಯಾರೂ ಅಲ್ಲ. ಕುಮಾಸಿಯ ಕೆಜೆಟಿಯಾ ಮಾರುಕಟ್ಟೆಯ ಒಬ್ಬ ಹೆಂಗಸು. ನಾವು ಆಂಟಿ ಅನ್ನುತ್ತಿದ್ದೆವು. ಹಾಲು, ಸೋಪು, ಸಕ್ಕರೆ ಯಾವುದೂ ಅಂಗಡಿಯಲ್ಲಿ ಸಿಗದ ಕಾಲ. ಎಲ್ಲ ಕಲಬುಲೆ. ನಮ್ಮ ಕಡೆ ಬ್ಲ್ಯಾಕ್ ಅಂತೀವಲ್ಲ, ಅದು. ಆಕೆಯೂ ಜಾಸ್ತಿ ರೇಟಿಗೇ ಮಾರುತ್ತಿದ್ದಳು, ಸುಳ್ಳು ಯಾಕೆ ಹೇಳಲಿ. ಆದರೆ ಮಗುವಿಗೆ ಅಂತ ಎರಡು ಡಬ್ಬಿ ಹಾಲು ಬಟ್ಟೆ ಕೆಳಗೆ ಎತ್ತಿಟ್ಟಿರುತ್ತಿದ್ದಳು. ಸಂಬಳ ತಡವಾದರೆ ಸಾಲವೂ ಕೊಡುತ್ತಿದ್ದಳು.

ಜೂನ್ ಕಳೆಯುವ ಮೊದಲೇ ಸಿಪಾಯಿಗಳು ಮಾರುಕಟ್ಟೆಗೆ ನುಗ್ಗಿದರು. ಅವಳ ಸಾಮಾನೆಲ್ಲ ಹೊರಗೆ ಎಳೆದು ಕಂಟ್ರೋಲ್ ರೇಟಿಗೆ ಮಾರಲು ಶುರು ಮಾಡಿದರು. ಅವಳನ್ನು ಬಿಸಿಲಲ್ಲಿ ಮಂಡಿಯೂರಿಸಿ ಕೂರಿಸಿದ್ದರು. ಬೆನ್ನ ಮೇಲೆ ಬಾರುಕೋಲಿನ ಏಟಿನ ಗುರುತು. ಜನ ಕ್ಯೂ ನಿಂತರು. ಪುಟ್ಟಾ, ನಾನೂ ನಿಂತೆ. ಎರಡು ಡಬ್ಬಿ ತಗೊಂಡೆ. ಅವಳು ನನ್ನ ಮುಖ ನೋಡಲಿಲ್ಲ, ಕೈಯಲ್ಲಿದ್ದ ಡಬ್ಬಿ ನೋಡಿದಳು. ಆಮೇಲೆ ಆ ಜಾಗದಲ್ಲಿ ಅವಳು ಕಾಣಲಿಲ್ಲ. ಅವಳ ಹಳೇ ಬಾಕಿ ಇನ್ನೂ ನನ್ನ ಮೇಲಿದೆ.

ಏನೋ ಹೇಳಲು ಹೋಗಿ ಎಲ್ಲಿಗೋ ಬಂದೆ. ನಿನ್ನ ಪ್ರಶ್ನೆಗೆ ಬರುತ್ತೇನೆ.

ಈಗಿನ ಘಾನಾ ಬೇರೆ ಅಂತ ನನಗನಿಸುತ್ತದೆ. 1981ರ ಆ ರಾತ್ರಿಯ ನಂತರ ಅಲ್ಲಿ ಯಾವ ದಂಗೆಯೂ ಗೆದ್ದಿಲ್ಲ. ಅದೇ ರಾಲಿಂಗ್ಸ್ 1992ರಲ್ಲಿ ಮತ ಕೇಳಿದರು, ಎರಡು ಅವಧಿ ಮುಗಿಸಿ 2001ರ ಜನವರಿ 7ರಂದು ವಿರೋಧ ಪಕ್ಷದ ಕುಫೂರ್‌ಗೆ ಕುರ್ಚಿ ಬಿಟ್ಟರು. 2008ರಲ್ಲಿ ಅಟ್ಟಾ ಮಿಲ್ಸ್ ಗೆದ್ದಿದ್ದು ಸುಮಾರು 40 ಸಾವಿರ ಮತಗಳಿಂದ, ಆದರೂ ಟ್ಯಾಂಕು ಬೀದಿಗೆ ಬರಲಿಲ್ಲ. 2012ರ ಜುಲೈಯಲ್ಲಿ ಅವರು ತೀರಿಕೊಂಡ ದಿನವೇ ಉಪಾಧ್ಯಕ್ಷ ಮಹಾಮಾ ಪ್ರಮಾಣವಚನ ತಗೊಂಡರು. 2016ರಲ್ಲಿ ಅವರೇ ಸೋತರು, 2024ರಲ್ಲಿ ಮತ್ತೆ ಗೆದ್ದರು. ಆಗ ಎದುರಾಳಿ ಬವೂಮಿಯಾ, ಫಲಿತಾಂಶ ಪ್ರಕಟವಾಗುವ ಮೊದಲೇ ಸೋಲು ಒಪ್ಪಿಕೊಂಡರು. ನಮ್ಮ ದೇಶ ಕೊಟ್ಟ ಸಾಲದಲ್ಲಿ ಕಟ್ಟಿದ ಅಧ್ಯಕ್ಷರ ಭವನ ಜುಬಿಲಿ ಹೌಸ್ ಮುಂದೆ ಹೋಗುವಾಗ ಒಮ್ಮೆ ನೋಡು, ಒಳಗೆ ಹೋದ ಅಧ್ಯಕ್ಷರೆಲ್ಲ ಮತಚೀಟಿಯ ಮೇಲೇ ಹೋದವರು.

ಹಾಗಂತ ಮಾತು ಕೊಡಲಾರೆ. ಪಕ್ಕದ ಮನೆಯವರೂ ಹೀಗೇ ಅಂದುಕೊಂಡಿದ್ದರು, ಅಲ್ವಾ?

ನನ್ನ ಬುದ್ಧಿಮಾತು ಹಳೇ ಕಾಲದ್ದು, ಉಪಯೋಗಕ್ಕೆ ಬರುತ್ತೋ ಇಲ್ಲವೋ. ಪಾಸ್‌ಪೋರ್ಟು ಎಲ್ಲ ಒಂದೇ ಚೀಲದಲ್ಲಿಡು. ನಮ್ಮ ಹೈಕಮಿಷನ್ನಿನಲ್ಲಿ (ಅಲ್ಲಿ ಎಂಬೆಸಿ ಅಂದರೆ ಅದೇ) ಹೆಸರು ಬರೆಸು. ಮನೆಯಲ್ಲಿ ಸ್ವಲ್ಪ ನಗದು ಇರಲಿ, ಜಾಸ್ತಿ ಬೇಡ. 1979ರ ಮಾರ್ಚಿನಲ್ಲಿ ಹಳೇ 10 ಸೀಡಿ (ಅಲ್ಲಿಯ ಹಣ) ಕೊಟ್ಟರೆ ಹೊಸ 7 ಕೊಟ್ಟರು. 1982ರಲ್ಲಿ 50ರ ನೋಟೇ ರದ್ದು. ನಾನು ಎರಡು ಸಲವೂ ಟ್ರಂಕಿನಲ್ಲಿಟ್ಟು ಕೆಟ್ಟೆ. ರಾತ್ರಿ ಪೊಲೀಸರು ಗಾಡಿ ತಡೆದರೆ ಒಳಗಿನ ಲೈಟು ಹಾಕು. ಅಷ್ಟೇ ನೆನಪಿಗೆ ಬರುವುದು.

ಮಗುವನ್ನು ಕರೆಸಿಕೋ ಅನ್ನಲೂ ಆಗುತ್ತಿಲ್ಲ, ಬೇಡ ಅನ್ನಲೂ ಆಗುತ್ತಿಲ್ಲ. 1983ರ ಬರದಲ್ಲಿ ಅಲ್ಲಿಯ ಜನ ಬಡಕಲಾಗಿ ಎದ್ದು ಕಂಡ ಕತ್ತಿನ ಮೂಳೆಗೆ 'ರಾಲಿಂಗ್ಸ್ ಚೈನ್' ಅಂತ ಹೆಸರಿಟ್ಟು ನಗುತ್ತಿದ್ದರು. ನಿನ್ನ ದೊಡ್ಡಮ್ಮನ ಕೊರಳಲ್ಲೂ ಆ ಸರ ಕಂಡ ಮೇಲೆ ನಾವು ಹೊರಟು ಬಂದದ್ದು. ಅವಳನ್ನು ಕೇಳಿದರೆ, ಒಬ್ಬನೇ ಇರೋದಕ್ಕಿಂತ ಜೊತೆಗಿರೋದೇ ವಾಸಿ ಅನ್ನುತ್ತಾಳೆ. ಅವಳ ಮಾತನ್ನೇ ಹಿಡಿ.

ಹಾಲಿನ ವಿಷಯ ಮಾತ್ರ ಅವಳ ಹತ್ತಿರ ಎತ್ತಬೇಡ. ಸ್ಕೂಲಿನ ರೇಷನ್‌ನಲ್ಲಿ ಸಿಕ್ಕಿತು ಅಂತ ಹೇಳಿದ್ದೆ.

ನಿನ್ನ ದೊಡ್ಡಪ್ಪ