ಹಿಂದುಳಿದ ತಾಲ್ಲೂಕಿಗೆ ಎರಡು ಸೆಂಟಿಮೀಟರ್ ಡಾಂಬರು

ಮಾನ್ಯರೇ,

ನಮ್ಮ ಕ್ರಾಸ್ ರಸ್ತೆ ಮೊದಲ ಮಳೆಗೇ ಕಿತ್ತುಹೋದ ವರದಿ (ನಿನ್ನೆಯ ಸಂಚಿಕೆ) ಓದಿದೆ. ಅಕಾಲಿಕ ಮಳೆ ಕಾರಣವಂತೆ. ಜೂನ್‌ನಲ್ಲಿ ಮಳೆ ಬರುವುದು ಅಕಾಲಿಕವೆಂದು ಗೊತ್ತಿರಲಿಲ್ಲ!

ನಮ್ಮ ಎರೆ ನೆಲ, ಅಂದರೆ ಕಪ್ಪು ಮಣ್ಣು, ನೀರು ಕುಡಿದರೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಅದರ ಮೇಲೆ ರಸ್ತೆ ನಿಲ್ಲಬೇಕಾದರೆ ಎರೆಮಣ್ಣು ತೆಗೆಯಬೇಕು, ಇಲ್ಲವೇ ಸುಣ್ಣ ಬೆರೆಸಿ ಹದಮಾಡಬೇಕು. ಮೇಲೆ ಗರಸು ಹಾಸಿ, ನೀರು ಹೊಡೆದು, ಪದರಕ್ಕೊಮ್ಮೆ ರೋಲರ್ ಆಡಿಸಿ ಜಲ್ಲಿ ಕೂರಿಸಬೇಕು. ಎರಡೂ ಬದಿ ಚರಂಡಿ ಬೇಕೇ ಬೇಕು. ಇಲ್ಲಿ ಹಾಕಿದ್ದು ಹಳೆಯ ಗುಂಡಿಗಳ ಮೇಲೆ 20 ಮಿ.ಮೀ. ಡಾಂಬರಿನ ತೆಳು ಪದರ (ಕಾರ್ಪೆಟ್). ಬೆರಳಲ್ಲಿ ಎತ್ತಿದರೆ ಎದ್ದು ಬರುತ್ತದೆ. ಜೋಳದ ರೊಟ್ಟಿಗಾದರೂ ಇದಕ್ಕಿಂತ ಹದವಿರುತ್ತದೆ.

ಕ್ರಿಯಾ ಯೋಜನೆಗೆ ಅನುಮೋದನೆ ಸಿಗುವಷ್ಟರಲ್ಲಿ ದಸರಾ ಮುಗಿದಿರುತ್ತದೆ. ಅಂದಾಜು ಪಟ್ಟಿ, ತಾಂತ್ರಿಕ ಮಂಜೂರಾತಿ, ಟೆಂಡರ್, ಕಾರ್ಯಾದೇಶ ಎನ್ನುವಾಗ ಫೆಬ್ರುವರಿ. ಆರ್ಥಿಕ ವರ್ಷ ಮುಗಿಯುವ ಮಾರ್ಚ್ 31ರೊಳಗೆ ಬಿಲ್ ಆಗಬೇಕು, ಹಾಗಾಗಿ ಕೆಲಸವೆಲ್ಲ ಅವಸರದ್ದು. ಸಾಲದ್ದಕ್ಕೆ ಒಂದು ಊರಿನ ಗಟ್ಟಿ ರಸ್ತೆಯ ದುಡ್ಡನ್ನು ಐದು ಊರಿಗೆ ಹಂಚಿ ಐದು ಕಡೆ ಗುದ್ದಲಿ ಪೂಜೆ.

ಈಗ ಬಸ್ಸು ಕ್ರಾಸಿನಲ್ಲೇ ಇಳಿಸಿ ಹೋಗುತ್ತದೆ. ಪಿಯುಸಿ ಮಕ್ಕಳು ಚಪ್ಪಲಿ ಕೈಯಲ್ಲಿ ಹಿಡಿದು ನಡೆಯುತ್ತಾರೆ. ಸಿಲಿಂಡರ್ ಗಾಡಿ ಒಳಗೆ ಬರುವುದಿಲ್ಲ, 108 ಬಂದರೂ ಹೂತುಕೊಳ್ಳುತ್ತದೆ.

ರಾಜ್ಯದ ಪ್ರಾದೇಶಿಕ ಅಸಮತೋಲನ ಅಧ್ಯಯನ ಮಾಡಿದ ನಂಜುಂಡಪ್ಪ ಸಮಿತಿ 2002ರಲ್ಲಿ 175 ತಾಲ್ಲೂಕುಗಳ ಪೈಕಿ 114 ಹಿಂದುಳಿದಿವೆ ಎಂದಿತು. ಅತ್ಯಂತ ಹಿಂದುಳಿದ 39ರಲ್ಲಿ 21 ಕಲಬುರಗಿ ವಿಭಾಗದವು. ಈಗ ತಾಲ್ಲೂಕುಗಳು 230 ದಾಟಿವೆ, ಮಾತೆತ್ತಿದರೆ ಇನ್ನೂ ಹಿಂದುಳಿದಿರುವಿಕೆ ಅಳೆಯಲು ಆ ಸಮಿತಿ ಮಾಡಿದ ಅದೇ ಸೂಚ್ಯಂಕ. ಅದು ನೂರು ಚದರ ಕಿ.ಮೀ.ಗೆ ರಸ್ತೆ ಎಷ್ಟು ಉದ್ದವಿದೆ ಎಂದು ಅಳೆಯುತ್ತದೆ, ಎಷ್ಟು ದಪ್ಪ ಎಂದಲ್ಲ. ಹಾಗಾಗಿ ಕಿತ್ತುಹೋದ ರಸ್ತೆಯೂ ಲೆಕ್ಕದಲ್ಲಿ ಅಭಿವೃದ್ಧಿಯೇ. ನಮ್ಮ ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನಮಾನ ಕೊಡುವ ಸಂವಿಧಾನದ 371ಜೆ ವಿಧಿ ಬಂತು, ಪ್ರದೇಶಕ್ಕೆ ವರ್ಷಕ್ಕೆ 5,000 ಕೋಟಿ ರೂಪಾಯಿ ಎಂದು ಬಜೆಟ್‌ನಲ್ಲಿ ಕೇಳಿದೆವು. ಬೆಂಗಳೂರಿನಲ್ಲಿ ಓದಿದ ಅಂಕಿ ನಮ್ಮ ಕ್ರಾಸಿಗೆ ಬರುವಾಗ ಎರಡು ಸೆಂಟಿಮೀಟರ್ ಆಗಿರುತ್ತದೆ.

ಅಧಿಕಾರಿಗಳದ್ದಂತೂ ಹಳೆಯ ಕಥೆ. ಈ ಕಡೆ ವರ್ಗವಾದರೆ ಶಿಕ್ಷೆ ಎಂದುಕೊಂಡೇ ಬರುತ್ತಾರೆ, ಬಂದ ವಾರವೇ ವಾಪಸು ಹೋಗಲು ಶಿಫಾರಸು ಪತ್ರ ಹುಡುಕುತ್ತಾರೆ. ಕೆಲಸ ನೋಡಬೇಕಾದ ಸಾಹೇಬರಿಗೆ ಎರಡು ಕಡೆ ಪ್ರಭಾರ. ಎಲ್ಲಿ ಕೇಳಿದರೂ ‘ಮೀಟಿಂಗ್‌ನಲ್ಲಿದ್ದಾರೆ’. ಬಿಲ್ಲಿಗಾಗಿ ಆದ ಕೆಲಸ ಬರೆದಿಡುವ ಅಳತೆ ಪುಸ್ತಕ ಮಾತ್ರ ಹೇಗೋ ಭರ್ತಿಯಾಗುತ್ತದೆ.

ತನಿಖೆ ಮಾಡಿಸಿ. ಆಗದಿದ್ದರೆ ರಸ್ತೆಯನ್ನಾದರೂ ಸರಿಮಾಡಿ. ಅದೂ ಆಗದಿದ್ದರೆ ಕ್ರಾಸಿನಲ್ಲಿ ನಿಲ್ಲಿಸಿರುವ ಕಾಮಗಾರಿ ಫಲಕವನ್ನು ಕಿತ್ತುಕೊಂಡು ಹೋಗಿ. ಕಬ್ಬಿಣದ ಕಂಬ, ಸಿಮೆಂಟಿನ ಬುನಾದಿ: ಇಡೀ ಕೆಲಸದಲ್ಲಿ ಗಟ್ಟಿಯಾಗಿರುವುದು ಅದೊಂದೇ.

– ಓದುಗ, ರಾಯಚೂರು ಜಿಲ್ಲೆ