ಗಾಡಿ ಕೀ ಬಗ್ಗೆ ಪೋಷಕರಿಗೊಂದು ಪತ್ರ

ಮಾನ್ಯ ಪೋಷಕರೇ,

ನಮಸ್ಕಾರ. ಈ ಪತ್ರ ಪರೀಕ್ಷೆಯ ಬಗ್ಗೆಯೂ ಅಲ್ಲ, ಶುಲ್ಕದ ಬಗ್ಗೆಯೂ ಅಲ್ಲ. ನಿಮ್ಮ ಮನೆಯ ಗಾಡಿ ಕೀ ಬಗ್ಗೆ.

ಕಳೆದ ವಾರ ಒಂಬತ್ತನೇ ತರಗತಿಯ ಹುಡುಗನೊಬ್ಬ ಮೊದಲ ಪೀರಿಯಡ್ಡಿಗೆ ತಡವಾಗಿ ಬಂದ. ಮೊಣಕೈ ತರಚಿತ್ತು, ಪ್ಯಾಂಟು ಮಂಡಿಯ ಹತ್ತಿರ ಹರಿದಿತ್ತು. "ಸೈಕಲ್‌ನಿಂದ ಬಿದ್ದೆ ಮಿಸ್" ಅಂದ. ಗಾಯ ತೊಳೆಯಲು ಕೂರಿಸಿದಾಗ ಜೇಬಿನಿಂದ ಸ್ಕೂಟರ್ ಕೀ ಕೆಳಗೆ ಬಿತ್ತು. ಇಬ್ಬರೂ ಅದನ್ನೇ ನೋಡುತ್ತ ಸುಮ್ಮನಿದ್ದೆವು. ಆಮೇಲೆ ಅವನೇ ಬಾಯಿಬಿಟ್ಟ: ಗಾಡಿ ಶಾಲೆಯ ಹಿಂದಿನ ಓಣಿಯಲ್ಲಿದೆ, ಅಲ್ಲಿ ಬೇರೆಯವರದೂ ಇವೆ. ಹೋಗಿ ನೋಡಿದೆ. ಐದು ಗಾಡಿ, ಒಂದರಲ್ಲೂ ಹೆಲ್ಮೆಟ್ ಇಲ್ಲ. ಯಾಕೆ ಅಂತ ಕೇಳಿದೆ. "ಹೆಲ್ಮೆಟ್ ಹಿಡ್ಕೊಂಡು ಕ್ಲಾಸಿಗೆ ಬಂದ್ರೆ ಗೊತ್ತಾಗಿಬಿಡುತ್ತಲ್ಲ ಮಿಸ್!" ಕದ್ದು ಓಡಿಸುವ ಮಗುವಿನ ಪಾಲಿಗೆ ಹೆಲ್ಮೆಟ್ಟೇ ಚಾಡಿಕೋರ. ಇದು ನನಗೆ ಅದುವರೆಗೆ ಹೊಳೆದಿರಲಿಲ್ಲ.

ತಂದೆಗೆ ಫೋನ್ ಮಾಡಿದೆ. "ಅವನು ನನಗಿಂತ ಚೆನ್ನಾಗಿ ಓಡಿಸ್ತಾನೆ ಮೇಡಂ" ಎಂದರು. ಇರಬಹುದು. ಆದರೆ ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಗಾಡಿ ಒಂದು ಸೆಕೆಂಡಿಗೆ 11 ಮೀಟರ್ ಸಾಗುತ್ತದೆ. ಹಿಂದೆ ಕೂತ ಗೆಳೆಯ ಏನೋ ಅಂದನೆಂದು ತಿರುಗಿ ಮತ್ತೆ ಮುಂದೆ ನೋಡುವಷ್ಟರಲ್ಲಿ ಇಪ್ಪತ್ತು ಮೀಟರ್ ಕಳೆದಿರುತ್ತದೆ. ಬ್ರೇಕ್ ಹಿಡಿದ ಮೇಲೆ ಜಾರುವ ದೂರ ಬೇರೆ.

ಇನ್ನು ಕಾನೂನು. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ತಿದ್ದುಪಡಿಯಾಗಿ 199ಎ ಎಂಬ ಹೊಸ ಕಲಂ ಸೇರಿತು. ಅಪ್ರಾಪ್ತರು ಗಾಡಿ ಓಡಿಸಿ ತಪ್ಪು ಮಾಡಿದರೆ ತಪ್ಪಿತಸ್ಥರು ಪೋಷಕರು ಅಥವಾ ಗಾಡಿಯ ಮಾಲೀಕರು ಎನ್ನುತ್ತದೆ ಅದು. 3 ವರ್ಷದವರೆಗೆ ಸೆರೆವಾಸ, 25,000 ರೂಪಾಯಿ ದಂಡ, ಗಾಡಿಯ ನೋಂದಣಿ 12 ತಿಂಗಳು ರದ್ದು. ಮಗುವಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸ್ ಸಿಗುವುದಿಲ್ಲ. ಕೆಲಸಕ್ಕೆ ಸೇರುವ ವಯಸ್ಸಿನ ಹುಡುಗ ಬಸ್ಸಿಗೇ ಕಾಯಬೇಕು! "ನನಗೆ ಗೊತ್ತೇ ಇರಲಿಲ್ಲ" ಅನ್ನಲು ಅವಕಾಶವಿದೆ. ಆದರೆ ನಿಮ್ಮ ಒಪ್ಪಿಗೆ ಇತ್ತು ಎಂದೇ ನ್ಯಾಯಾಲಯ ಮೊದಲು ಭಾವಿಸುತ್ತದೆ, ಇರಲಿಲ್ಲವೆಂದು ನೀವು ಸಾಬೀತು ಮಾಡಬೇಕು. ಟಿವಿ ಪಕ್ಕದ ಮೊಳೆಗೆ ಕೀ ನೇತು ಹಾಕಿದವರು ಅದನ್ನು ಸಾಬೀತು ಮಾಡುವುದು ಹೇಗೆ?

ಹದಿನಾರಾದರೆ ಗೇರಿಲ್ಲದ ಗಾಡಿ ಓಡಿಸಬಹುದು ಎಂದು ಹಲವರು ನಂಬಿದ್ದಾರೆ. ಅರ್ಧ ಸತ್ಯ. 50 ಸಿಸಿ ಮೀರದ ಎಂಜಿನ್ನಿಗೆ ಮಾತ್ರ ಆ ವಿನಾಯಿತಿ, ಅದಕ್ಕೂ ಲೈಸೆನ್ಸ್ ಬೇಕು. ನಿಮ್ಮ ಮನೆಯ ಸ್ಕೂಟರಿನ ಆರ್‌ಸಿ ತೆಗೆದು ನೋಡಿ, 110 ಅಥವಾ 125 ಅಂತಿರುತ್ತದೆ.

ನನ್ನನ್ನು ಹೆಚ್ಚು ಕಾಡುವುದು ಬೇರೆ ವಿಷಯ. ಅಪಘಾತವಾದರೆ ಗಾಯಾಳುವಿಗೆ ಚಿಕಿತ್ಸೆ ಕೊಡಿಸುವುದು, ಪೊಲೀಸರಿಗೆ ತಿಳಿಸುವುದು ಓಡಿಸುವವರ ಕರ್ತವ್ಯ ಎಂದು ಕಾಯ್ದೆ ಹೇಳುತ್ತದೆ. ಹದಿನಾಲ್ಕರ ಮಗು ಏನು ಮಾಡುತ್ತದೆ? ಹೆದರಿ ಓಡಿಹೋಗುತ್ತದೆ. ನಮ್ಮ ಹುಡುಗ ಬರೀ ಬಿದ್ದಿದ್ದಕ್ಕೇ ಸೈಕಲ್ ಕಥೆ ಕಟ್ಟಿದ. ರಸ್ತೆಯಲ್ಲಿ ಯಾರೋ ಬಿದ್ದಿದ್ದರೆ? ಲೈಸೆನ್ಸ್ ಇಲ್ಲದವರು ಓಡಿಸಿದ್ದರೆ, ವಿಮಾ ಕಂಪನಿ ಗಾಯಾಳುವಿಗೆ ಕೊಟ್ಟ ಪರಿಹಾರವನ್ನು ಮಾಲೀಕರಿಂದ ವಸೂಲಿ ಮಾಡಬಹುದು ಎಂಬುದೂ ನೆನಪಿರಲಿ.

ನಾನೇನು ಸಾಚಾ ಅಲ್ಲ. ನನ್ನ ಮಗನಿಗೆ ಹದಿನೇಳರಲ್ಲಿ ಹಾಲು ತರಲು ಸ್ಕೂಟರ್ ಕೊಟ್ಟಿದ್ದೇನೆ, ಒಂದಲ್ಲ ಹತ್ತು ಸಲ. ಏನೂ ಆಗಲಿಲ್ಲ. ಅದನ್ನು ನನ್ನ ಜಾಣತನ ಎಂದುಕೊಂಡಿದ್ದೆ.

ಬೆಳಿಗ್ಗೆ ಬಿಡಲು ಬರುವವರಿಗೂ ಒಂದು ಮಾತು. ನಿಮ್ಮ ತಲೆಗೆ ಹೆಲ್ಮೆಟ್, ಹಿಂದೆ ಕೂತ ಮಗುವಿಗೆ ಬರೀ ಬ್ಯಾಗು. ನಾಲ್ಕು ವರ್ಷ ದಾಟಿದ ಎಲ್ಲರಿಗೂ ಹೆಲ್ಮೆಟ್ ಕಡ್ಡಾಯ, ದಯವಿಟ್ಟು ಚಿಕ್ಕ ಅಳತೆಯದೊಂದು ಕೊಡಿಸಿ. ತ್ರಿಬಲ್ಸ್ ಬರುವವರಿಗೆ ಹೊಸದಾಗಿ ಹೇಳುವಂಥದ್ದೇನೂ ಇಲ್ಲ.

ಸೋಮವಾರದಿಂದ ಇಬ್ಬರು ಶಿಕ್ಷಕರು ಹಿಂದಿನ ಓಣಿಯಲ್ಲಿ ನಿಲ್ಲುತ್ತಾರೆ. ಮಕ್ಕಳು ತಂದ ಗಾಡಿಯ ಕೀ ನನ್ನ ಮೇಜಿನ ಡ್ರಾಯರ್‌ನಲ್ಲಿರುತ್ತದೆ. ಅದನ್ನು ಮಕ್ಕಳ ಕೈಗೆ ಕೊಡುವುದಿಲ್ಲ. ಸಂಜೆ ಐದರೊಳಗೆ ನೀವೇ ಬರಬೇಕು, ನಿಮ್ಮ ಲೈಸೆನ್ಸ್ ತೋರಿಸಬೇಕು, ಬರುವಾಗ ಎರಡು ಹೆಲ್ಮೆಟ್ ತರಬೇಕು.

ಇತಿ ತಮ್ಮ ವಿಶ್ವಾಸಿ,
ಮುಖ್ಯ ಶಿಕ್ಷಕಿ