ಮೇಲೆ ಬಿದ್ದ ಮಳೆಯ ಸುದ್ದಿ ಕೆಳಗಿನ ಬೀದಿಗೆ ಮುಟ್ಟಿಸಿ: ನಮ್ಮ ಶಾಸಕರಿಗೊಂದು ಬಹಿರಂಗ ಪತ್ರ

ಮಾನ್ಯ ಶಾಸಕರೇ, ನಮಸ್ಕಾರ.

ನಾನು ಬೆಂಗಳೂರಿನ ನಿಮ್ಮ ಕ್ಷೇತ್ರದಲ್ಲಿ, ರಾಜಕಾಲುವೆ, ಅಂದರೆ ಮಳೆನೀರು ಹರಿಯುವ ದೊಡ್ಡ ಕಾಲುವೆಯ ಪಕ್ಕದ ಬೀದಿಯಲ್ಲಿ ದಿನಸಿ ಅಂಗಡಿ ಇಟ್ಟುಕೊಂಡಿರುವವನು. ಬೀದಿಯ ಹೆಸರು ಬರೆಯುವುದಿಲ್ಲ. ಬರೆದರೆ ಬಾಡಿಗೆಗೆ ಯಾರೂ ಬರಲ್ಲ ಅಂತ ಮನೆ ಓನರ್‌ಗಳು ಬೈತಾರೆ. ನಿಮಗೆ ಗೊತ್ತಾಗುತ್ತೆ ಬಿಡಿ, ಹೋದ ಸಲ ಪ್ಯಾಂಟು ಮಡಚಿಕೊಂಡು ಬಂದು ನೋಡಿ ಹೋಗಿದ್ದಿರಿ.

ಹೂಳು, ಒತ್ತುವರಿ ಬಗ್ಗೆ ಈ ಪತ್ರ ಅಲ್ಲ. ಅದನ್ನು ಬರೆದೂ ಬರೆದೂ ಜನ ಸುಸ್ತಾಗಿದ್ದಾರೆ. ನಾನು ಕೇಳುತ್ತಿರುವುದು ಒಂದೇ. ನೀರು ನುಗ್ಗುವ ಅರ್ಧ ಗಂಟೆ ಮೊದಲು ನಮಗೆ ಯಾರಾದರೂ ಒಂದು ಮಾತು ಹೇಳಬೇಕು.

ಅವತ್ತು ಸಂಜೆ ನಮ್ಮ ಬೀದಿಯಲ್ಲಿ ಬಿದ್ದಿದ್ದು ಬರೀ ತುಂತುರು. ಕೊಡೆ ಕೂಡ ಬಿಚ್ಚಿರಲಿಲ್ಲ. ಅಷ್ಟರಲ್ಲಿ ಕಾಲುವೆ ಉಕ್ಕಿತು, ನೋಡನೋಡುತ್ತಿದ್ದಂತೆ ಅಂಗಡಿಯ ಎರಡು ಮೆಟ್ಟಿಲು ಮುಳುಗಿ, ಕೆಳಗಿನ ಸಾಲಿನ ಅಕ್ಕಿ ಮೂಟೆಗಳೆಲ್ಲ ನೆಂದು, ಎದುರು ಮನೆಯ ಅಜ್ಜಿಯನ್ನು ಕುರ್ಚಿ ಸಮೇತ ಎತ್ತಿ ಮಹಡಿಗೆ ಸಾಗಿಸಬೇಕಾಯಿತು. ಆಮೇಲೆ ಗೊತ್ತಾಯಿತು, ನಮ್ಮ ಮೇಲಿನ ಬಡಾವಣೆಗಳಲ್ಲಿ ಮುಕ್ಕಾಲು ಗಂಟೆಯಿಂದ ಜಡಿಯುತ್ತಿತ್ತಂತೆ.

ಬೆಂಗಳೂರು ದಿಣ್ಣೆಯ ಮೇಲೆ ಕೂತ ಊರು. ದಿಣ್ಣೆಯ ಮೇಲೆ ಬಿದ್ದ ನೀರು ಕೋರಮಂಗಲ-ಚಲ್ಲಘಟ್ಟ, ಹೆಬ್ಬಾಳ, ವೃಷಭಾವತಿ ಕಣಿವೆಗಳಿಗೆ ಇಳಿಯಲೇಬೇಕು. ಹಾಗಾಗಿ ನಮ್ಮಂಥವರು ನಮ್ಮ ತಲೆ ಮೇಲಿನ ಮೋಡ ನೋಡಿ ಏನೂ ಪ್ರಯೋಜನವಿಲ್ಲ. ಮೇಲಿನವರ ತಲೆ ಮೇಲೆ ಎಷ್ಟು ಬಿತ್ತು ಅಂತ ಗೊತ್ತಾಗಬೇಕು. ಮಜಾ ಏನಂದರೆ ಅದನ್ನು ಅಳೆಯುವವರು ಇದ್ದಾರೆ! ಯಲಹಂಕದಲ್ಲಿರುವ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ನಗರದ ತುಂಬಾ ಇವೆ, 15 ನಿಮಿಷಕ್ಕೊಮ್ಮೆ ಲೆಕ್ಕ ಕಳಿಸುತ್ತವೆ. ಮೇಘ ಸಂದೇಶ ಅಂತ ಒಂದು ಆ್ಯಪ್ ಕೂಡ ಮಾಡಿದ್ದಾರೆ. ರಾಜಕಾಲುವೆಗಳಲ್ಲಿ ಕೆಲವು ಕಡೆ ನೀರಿನ ಮಟ್ಟ ನೋಡುವ ಸೆನ್ಸರ್‌ಗಳಿವೆ. ಅಳೆಯುವ ಕೆಲಸ ನಡೆಯುತ್ತಿದೆ, ಅದರ ಬಗ್ಗೆ ನನ್ನ ತಕರಾರಿಲ್ಲ. ಆ ಅಂಕಿ ಕಂಪ್ಯೂಟರಿನಿಂದ ಇಳಿದು ನಮ್ಮ ಬೀದಿವರೆಗೆ ನಡೆದು ಬರುತ್ತಿಲ್ಲ, ಅಷ್ಟೇ.

ಬರುವುದು ಏನು? ಟಿವಿಯಲ್ಲಿ 'ಬೆಂಗಳೂರು ನಗರ ಜಿಲ್ಲೆಗೆ ಯೆಲ್ಲೋ ಅಲರ್ಟ್'. ಆನೇಕಲ್ಲಿಗೂ ಅದೇ, ಯಲಹಂಕಕ್ಕೂ ಅದೇ. ಹಳದಿ ಅಂದರೆ ಗಮನವಿಡಿ, ಕಿತ್ತಳೆ ಅಂದರೆ ಸಿದ್ಧರಾಗಿ, ಕೆಂಪು ಅಂದರೆ ಈಗಲೇ ಕೆಲಸಕ್ಕಿಳಿಯಿರಿ ಅಂತ ಹವಾಮಾನ ಇಲಾಖೆಯ ಲೆಕ್ಕ. ಯಾವ ಕೆಲಸಕ್ಕೆ, ಯಾರು? ಅದನ್ನು ಸ್ಥಳೀಯರೇ ಮೊದಲೇ ಬರೆದಿಟ್ಟುಕೊಳ್ಳಬೇಕು. ನಮ್ಮಲ್ಲಿ ಯಾರೂ ಬರೆದಿಟ್ಟಿಲ್ಲ.

ಮಿಲಿಮೀಟರ್ ಅಂದರೆ ಜನಕ್ಕೆ ಅರ್ಥವಾಗಲ್ಲ ಸಾರ್. 2024ರ ಜೂನ್ 2ರಂದು ನಗರದಲ್ಲಿ ಒಂದೇ ದಿನ 111.1 ಮಿ.ಮೀ ಮಳೆಯಾಯಿತು, ಜೂನ್ ತಿಂಗಳಿಗೆ ಅದು ದಾಖಲೆ. ನಾನು ಅಂಗಡಿಯವನು, ಲೆಕ್ಕ ಹಾಕಿ ನೋಡಿದೆ. ಒಂದು 30x40 ಸೈಟಿನ ಮೇಲೆ ಅಷ್ಟು ಬಿದ್ದರೆ 12,000 ಲೀಟರಿಗೂ ಜಾಸ್ತಿ, ಅಂದರೆ ಎರಡು ಟ್ಯಾಂಕರ್. ಅದೇ ವರ್ಷ ಮಾರ್ಚ್‌ನಲ್ಲಿ ಒಂದು ಟ್ಯಾಂಕರಿಗಾಗಿ ನಾವು ಯಾರ್ಯಾರ ಕಾಲು ಹಿಡಿದೆವು ಅನ್ನೋದು ನಿಮಗೆ ನೆನಪಿರಬಹುದು. ನಮ್ಮ ಬೀದಿಯಲ್ಲಿ ಈಗ ಮಿಲಿಮೀಟರ್ ಬಿಟ್ಟು ಮೆಟ್ಟಿಲಿನ ಲೆಕ್ಕ ಶುರುವಾಗಿದೆ. ಪಕ್ಕದ ಮನೆಯವರು ಪ್ರತಿ ಸಲ ನೀರು ನಿಂತ ಎತ್ತರಕ್ಕೆ ಗೋಡೆ ಮೇಲೆ ಬಣ್ಣದಲ್ಲಿ ಗೆರೆ ಎಳೆದು ದಿನಾಂಕ ಬರೆದಿದ್ದಾರೆ. ಮೇಲಿನ ಬಡಾವಣೆಯ ಮಾಪಕದಲ್ಲಿ ಗಂಟೆಗೆ ಇಷ್ಟು ಬಿದ್ದರೆ ನಮಗೆ ಎಷ್ಟು ಮೆಟ್ಟಿಲು ಅಂತ ಆ ಗೆರೆಗಳನ್ನೂ ಹಳೆಯ ಮಳೆ ಲೆಕ್ಕವನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಒಂದು ಅಂದಾಜು ಸಿಗಲ್ವಾ? ಇದಕ್ಕೆ ಕೋಟಿಗಟ್ಟಲೆ ಟೆಂಡರ್ ಬೇಡ. ನಿಮ್ಮ ಕಚೇರಿಯಿಂದ ಒಬ್ಬ ಹುಡುಗನನ್ನು ಒಂದು ವಾರ ಕಳಿಸಿದರೆ ಸಾಕು.

ಆಮೇಲೆ ಸುದ್ದಿ ಹೇಳುವವರು. 2020ರ ಸೆಪ್ಟೆಂಬರಿನಲ್ಲಿ ಪಾಲಿಕೆ ಸದಸ್ಯರ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ನಮಗೆ ಕಾರ್ಪೊರೇಟರ್ ಅಂತ ಯಾರೂ ಇರಲಿಲ್ಲ, ಅದಕ್ಕೇ ನಿಮಗೆ ಬರೆಯುತ್ತಿದ್ದೇನೆ. ಬೀದಿಗೆ ಇಬ್ಬರನ್ನು ಗೊತ್ತು ಮಾಡಿ, ಒಬ್ಬರು ಊರಿಗೆ ಹೋದರೆ ಇನ್ನೊಬ್ಬರಿರಲಿ. ಮೇಲೆ ಜೋರಾದ ತಕ್ಷಣ ಅವರಿಗೆ ಫೋನ್ ಬರಲಿ. ದೇವಸ್ಥಾನದ ಮೈಕು, ಮಸೀದಿಯ ಮೈಕು ಎರಡೂ ಇವೆ, ಕನ್ನಡ, ಉರ್ದು, ತಮಿಳಿನಲ್ಲಿ ಕೂಗಿದರೆ ಐದು ನಿಮಿಷದಲ್ಲಿ ಎಲ್ಲರಿಗೂ ಮುಟ್ಟುತ್ತೆ. ಬೇಸ್‌ಮೆಂಟಿನಿಂದ ಗಾಡಿ ತೆಗೆಯಲು, ಮೇನ್ ಸ್ವಿಚ್ ಆರಿಸಲು, ಅಜ್ಜಿಯನ್ನು ಮೇಲೆ ಕರೆದುಕೊಂಡು ಹೋಗಲು ಅರ್ಧ ಗಂಟೆ ಧಾರಾಳ. 2023ರ ಅಕ್ಟೋಬರ್ 12ರಂದು ಸರ್ಕಾರದವರು ತುರ್ತು ಎಚ್ಚರಿಕೆಯ ಸಂದೇಶವನ್ನು ಪರೀಕ್ಷೆ ಮಾಡಿದಾಗ ಎಲ್ಲರ ಮೊಬೈಲು ಒಟ್ಟಿಗೆ ಕಿರುಚಿತ್ತಲ್ಲ, ಅಂಥದ್ದನ್ನು ಬರೀ ನಮ್ಮ ಕಣಿವೆಯವರಿಗೆ ಮಾತ್ರ ಕಳಿಸಲು ಆಗುತ್ತದಾ ಅಂತಲೂ ವಿಚಾರಿಸಿ.

ಅಂಡರ್‌ಪಾಸ್ ವಿಷಯ. 2023ರ ಮೇ 21ರಂದು ಕೆ.ಆರ್. ಸರ್ಕಲ್ ಅಂಡರ್‌ಪಾಸ್‌ನಲ್ಲಿ ಒಂದು ಹೆಣ್ಣುಮಗಳ ಜೀವ ಹೋಯಿತು. ನಮ್ಮ ಕಡೆಯ ಅಂಡರ್‌ಪಾಸ್‌ಗೆ ಮಳೆ ಶುರುವಾದ ಕೂಡಲೇ ಅಡ್ಡ ಕಟ್ಟುವ ಅಧಿಕಾರ ಯಾರಿಗಿದೆ? ಸುಮ್ನೆ ಕೇಳುತ್ತಿಲ್ಲ, ಅವರ ನಂಬರು ಬೇಕು.

ಇದೆಲ್ಲ ಆಗದ ಮಾತೇನಲ್ಲ. ಒಡಿಶಾದಲ್ಲಿ 1999ರ ಚಂಡಮಾರುತಕ್ಕೆ ಸುಮಾರು 10,000 ಜನ ಸತ್ತರು. 2013ರಲ್ಲಿ ಫೈಲಿನ್ ಬಂದಾಗ ಮೊದಲೇ ಲಕ್ಷಾಂತರ ಜನರನ್ನು ಸ್ಥಳಾಂತರಿಸಿದ್ದರಿಂದ ಸಾವು ಹತ್ತಾರಕ್ಕೆ ನಿಂತಿತು. ಅಹಮದಾಬಾದಿನವರು ಅದೇ ವರ್ಷ ಬಿಸಿಲಿಗೂ ಒಂದು ಯೋಜನೆ ಮಾಡಿಕೊಂಡರು. ನಮಗೂ ಅದು ಬೇಕಾಗುತ್ತೆ, 2016ರ ಏಪ್ರಿಲಿನಲ್ಲಿ ಇಲ್ಲೇ 39.2 ಡಿಗ್ರಿ ಮುಟ್ಟಿತ್ತು. ಆದರೆ ಅದು ಇನ್ನೊಂದು ಪತ್ರ.

ಒಂದು ಭಾನುವಾರ ಬೆಳಿಗ್ಗೆ ಬನ್ನಿ, ಮಳೆ ಇಲ್ಲದ ದಿನ. ಗೋಡೆ ಮೇಲಿನ ಗೆರೆಗಳನ್ನು ತೋರಿಸುತ್ತೇನೆ, ಮಳೆ ಲೆಕ್ಕ ಗೊತ್ತಿರುವ ಒಬ್ಬರನ್ನು ನೀವು ಕರೆದುಕೊಂಡು ಬನ್ನಿ. ಕಾಫಿ ನನ್ನದು. ಕಾರು ಮಾತ್ರ ಮೇನ್ ರೋಡಲ್ಲೇ ನಿಲ್ಲಿಸಿ, ನಮ್ಮ ಬೀದಿ ಅಗೆದು ಮೂರು ತಿಂಗಳಾಯಿತು.

ಇಂತಿ,
ಎರಡು ಮೆಟ್ಟಿಲು ಮುಳುಗಿದ ಅಂಗಡಿಯವನು